ಪಾಸ್‌ವರ್ಡ್ ಗೊತ್ತಿದ್ದವರು

ಮೆಟ್ಟಿಲ ತಿರುವಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಯಶಶ್ರೀ ತನ್ನನ್ನು ಕಂಡೊಡನೆ ದನಿ ತಗ್ಗಿಸಿ ಗೋಡೆಯ ಕಡೆಗೆ ತಿರುಗಿಕೊಂಡಾಗ ಹಂಸಾಗೆ ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸಿರಲಿಲ್ಲವಲ್ಲ ಎಂಬುದೇ ಮಧ್ಯಾಹ್ನದ ಹೊತ್ತಿಗೆ ಅವಳನ್ನು ಚುಚ್ಚತೊಡಗಿತು. ಹರೆಯದ ಹುಡುಗಿ ಫೋನಿನಲ್ಲಿ ದನಿ ತಗ್ಗಿಸುವುದಕ್ಕೆ ಹರೆಯವೇ ಸಾಕು ಎಂದು ಮನಸ್ಸಿನಲ್ಲೇ ನಕ್ಕು ಮೇಲೆ ಹತ್ತಿ ಬಂದಿದ್ದಳು. ಕುರ್ಚಿಯ ಬೆನ್ನಿಗೆ ಚೀಲ ನೇತುಹಾಕಿ, ಕಂಪ್ಯೂಟರ್ ಹಚ್ಚಿ, ಕಿಟಕಿಯಾಚೆ ಎದುರು ಕಟ್ಟಡದ ಮಹಡಿಯಲ್ಲಿ ಒಣಗುತ್ತಿದ್ದ ಹಪ್ಪಳಗಳನ್ನು ನೋಡುತ್ತ ಒಂದು ನಿಮಿಷ ಸುಮ್ಮನೆ ಕೂತಿದ್ದಳು. ಪೇಟೆ ಕಡೆಯ ಈ ಪಾಲಿಕೆ ಕಚೇರಿಯ ಜನನ ಮರಣ ವಿಭಾಗದಲ್ಲಿ ಅವಳೇ ನೋಂದಣಿ ಅಧಿಕಾರಿ. ಚಾಮರಾಜಪೇಟೆಯ ಮನೆಯಿಂದ ನಡೆದೇ ಬರುತ್ತಾಳೆ. ಹುಟ್ಟಿದವರಿಗೂ ಸತ್ತವರಿಗೂ ಅವಳದೇ ಸಹಿ. ಈಗೀಗ ಆ ಸಹಿಯನ್ನು ಅವಳು ಕೈಯಾರೆ ಹಾಕಬೇಕಾಗಿಯೂ ಇಲ್ಲ, ಒಪ್ಪಿಗೆಯ ಗುಂಡಿ ಒತ್ತಿದರೆ ಪ್ರಮಾಣಪತ್ರದ ಕೆಳಗೆ ತಾನಾಗಿಯೇ ಮೂಡುತ್ತದೆ. ಹಾಗೆ ಮೂಡುವ ಸಹಿಯ 'ಹ' ಅಕ್ಷರ ಅವಳ ನಿಜವಾದ ಸಹಿಗಿಂತ ಚೆಂದವಾಗಿದೆ ಎಂದು ಯಶಶ್ರೀಯೇ ಒಮ್ಮೆ ತಮಾಷೆ ಮಾಡಿದ್ದಳು.

ಹನ್ನೊಂದು ಗಂಟೆಯ ಸುಮಾರಿಗೆ ಯಾವುದೋ ಶಾಲೆಯಿಂದ ಫೋನು ಬಂತು. ಪ್ರವೇಶಕ್ಕೆಂದು ಪೋಷಕರು ತಂದುಕೊಟ್ಟ ಜನನ ಪ್ರಮಾಣಪತ್ರದ ಬಗ್ಗೆ ಅಲ್ಲಿನ ಗುಮಾಸ್ತೆಗೆ ಸಣ್ಣ ಅನುಮಾನ. ಫೋಟೋ ಕಳಿಸಿದ್ದೇನೆ, ನಿಮ್ಮದೇ ಹೌದೋ ನೋಡಿ ಹೇಳಿ ಎಂದಳು. ಹಂಸಾ ನೋಡಿದಳು. ಲಾಂಛನ ಸರಿಯಾಗಿತ್ತು, ಸಂಖ್ಯೆ ಸರಿಯಾಗಿತ್ತು, ಚೆಂದದ 'ಹ' ಇತ್ತು. ಹುಟ್ಟಿದ ಸ್ಥಳದ ಎದುರಿಗೆ ಗಿರಿಜಾಂಬ ಹೆರಿಗೆ ಮನೆ ಎಂದಿತ್ತು. ಆ ಹೆರಿಗೆ ಮನೆ ಅವಳು ಈ ಕೆಲಸಕ್ಕೆ ಸೇರುವ ಮೊದಲೇ ಮುಚ್ಚಿತ್ತು. ಈಗ ಆ ಜಾಗದಲ್ಲಿ ಪರದೆ ಬಟ್ಟೆಯ ಅಂಗಡಿ ಇದೆ. ಹೋದ ದೀಪಾವಳಿಗೆ ಅವಳೂ ಗಂಡನೂ ಅಲ್ಲಿಗೆ ಹೋಗಿ ಬಣ್ಣದ ವಿಷಯಕ್ಕೆ ಜಗಳವಾಡಿ ಏನೂ ಕೊಳ್ಳದೆ ಬಂದಿದ್ದರು. ಗಿರಿಜಾಂಬ ಎಂದು ಹುಡುಕಿದಾಗ ಪರದೆಯ ಮೇಲೆ ಹೆಸರುಗಳು ಬಿದ್ದವು. ಕೆಳಕ್ಕೆ ಎಳೆದಷ್ಟೂ ಬಂದವು. ಪರದೆ ಅಂಗಡಿಯಲ್ಲಿ ಹುಟ್ಟಿದ ಮಕ್ಕಳು: ಕೆಲವರಿಗೆ ಮೂರು ವರ್ಷ, ಕೆಲವರಿಗೆ ಮೂವತ್ತು, ಈ ಊರಿನ ನಾಲಿಗೆಗೆ ಹೊರಳದ ಹೆಸರುಗಳು, ಎಲ್ಲರಿಗೂ ಒಂದೇ ಬೀದಿಯ ವಿಳಾಸ. ಎಲ್ಲವನ್ನೂ ಒಪ್ಪಿದವಳು ಹಂಸಾ. ಒಂದಷ್ಟನ್ನು ಭಾನುವಾರ ಒಪ್ಪಿದ್ದಳು; ಒಂದಷ್ಟನ್ನು ಮಾವನ ವರ್ಷಾಬ್ದಿಕಕ್ಕೆಂದು ರಜೆ ಹಾಕಿ, ಸಿದ್ಧಗಂಗೆಯ ಮೆಟ್ಟಿಲು ಹತ್ತುತ್ತಿದ್ದ ದಿನ.

ಮೊದಲು ಅವಳಿಗಾದದ್ದು ಭಯವಲ್ಲ, ನಾಚಿಕೆ. ಸ್ನಾನದ ಮನೆಯ ಬಾಗಿಲ ಚಿಲಕ ಬಹಳ ದಿನದಿಂದ ಸರಿಯಾಗಿ ಬೀಳುತ್ತಿರಲಿಲ್ಲ ಎಂದು ಯಾರೋ ಈಗ ಹೇಳಿದಂತಿತ್ತು. ತಲೆಯೆತ್ತಿದಾಗ ಎದುರಿನ ಮೇಜಿನಲ್ಲಿ ಯಶಶ್ರೀ ಕೂತಿದ್ದಳು, ಗುತ್ತಿಗೆ ಏಜೆನ್ಸಿಯಿಂದ ಬಂದ ಆಪರೇಟರ್, ಅವಳ ಪಾಡಿಗೆ ಅವಳು ಟೈಪು ಮಾಡುತ್ತಿದ್ದಳು. ಮೆಟ್ಟಿಲ ತಿರುವಿನ ಗೋಡೆ ಆಗ ನೆನಪಾಯಿತು.

ಪಾಸ್‌ವರ್ಡನ್ನು ಯಶಶ್ರೀಗೆ ಕೊಟ್ಟವಳು ಹಂಸಾಳೇ. ಕೌಂಟರಿನಲ್ಲಿ ಜನ ಕಿಟಕಿ ಬಡಿಯುವಾಗ, ಊಟಕ್ಕೆ ಎದ್ದಾಗ, ನಾಗಭೂಷಣ್ ಸಾಹೇಬರು ಮೀಟಿಂಗಿಗೆ ಕರೆದಾಗ, 'ನನ್ನ ಲಾಗಿನ್ನಲ್ಲೇ ಒಪ್ಪಿಗೆ ಕೊಟ್ಬಿಡೇ' ಎಂದು ಎಷ್ಟು ಸಲ ಹೇಳಿರಲಿಲ್ಲ? ಎಲ್ಲ ಕಚೇರಿಗಳಲ್ಲೂ ಹಾಗೆಯೇ ನಡೆಯುತ್ತದೆ. ಆದರೂ ಅದನ್ನು ಕೊಟ್ಟ ಗಳಿಗೆಯಲ್ಲಿ ಒಂದು ಬಗೆಯ ಸಲಿಗೆಯ ಸುಖವಿತ್ತು, ತಂಗಿಗೆ ತಿಜೋರಿಯ ಬೀಗದ ಕೈ ಕೊಟ್ಟ ಹಾಗೆ. ಆ ಹುಡುಗಿ ತನ್ನ ಡಬ್ಬಿಯಿಂದ ಉಪ್ಪಿನಕಾಯಿ ಎತ್ತಿ ಇವಳ ಮೊಸರನ್ನದ ಅಂಚಿಗೆ ಇಡುತ್ತಿದ್ದಳು. ಈಗ ಆ ಉಪ್ಪಿನಕಾಯಿಯೂ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಹೋದ ತಿಂಗಳು ತಂದ ಹೊಸ ಫೋನು. ವಾರಕ್ಕೊಮ್ಮೆ ತಲೆನೋವೆಂದು ಬೇಗ ಹೊರಡುವುದು. ಒಳ್ಳೆಯತನದ ಹಿಂದೆಯೂ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆಂದು ವಿಶಾಲಾಕ್ಷಮ್ಮ, ಅವಳ ಅತ್ತೆ, ಬದುಕಿರುವವರೆಗೂ ಹೇಳುತ್ತಿದ್ದರು. ಆ ಮಾತನ್ನು ಕೇಳಿದಾಗಲೆಲ್ಲ ಹಂಸಾ ಒಳಗೇ ಕುದಿದಿದ್ದಳು. ಈಗ ಅದೇ ದನಿ ತನ್ನೊಳಗಿನಿಂದ ಏಳುತ್ತಿತ್ತು.

'ಯಶೂ,' ಎಂದಳು, ಆದಷ್ಟು ಹಗುರಾಗಿ. 'ಗಿರಿಜಾಂಬ ಹೆರಿಗೆ ಮನೆ ಅಂತ ಕೇಳಿದೀಯಾ?'

'ಇಲ್ಲ ಮೇಡಂ. ಎಲ್ಲಿದೆ?'

ಉತ್ತರ ಬೇಗ ಬಂತು. ತುಂಬ ಬೇಗ ಬಂತೇ? ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ನಿಂತವೋ ಇಲ್ಲವೋ ಎಂದು ನೋಡಲು ಹೋಗಿ ಹಂಸಾ ಅವಳ ಮುಖವನ್ನು ನೋಡುವುದನ್ನೇ ಮರೆತಳು.

ಅವಳು ವಿಷಯ ತೆಗೆದ ಕೂಡಲೇ ಆರೋಗ್ಯಾಧಿಕಾರಿ ನಾಗಭೂಷಣ್ ಎದ್ದು ಬಾಗಿಲು ಮುಂದೆ ಮಾಡಿದರು. ಅವರು ಬಾಗಿಲು ಹಾಕಿದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಮೇಲಿನವರ ಜೊತೆ ತಾವೇ ಮಾತಾಡುವುದಾಗಿ ಹೇಳಿದರು. ಸದ್ಯಕ್ಕೆ ಪಾಸ್‌ವರ್ಡ್ ಬದಲಾಯಿಸಿ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದರು. ಬರವಣಿಗೆಯಲ್ಲಿ ಕೊಡಲೇ ಎಂದು ಅವಳು ಕೇಳಿದಾಗ ಮಾತ್ರ ಅವರ ದನಿ ಬದಲಾಯಿತು.

'ನೋಡಿ ಹಂಸಾ ಮೇಡಂ, ನಾನು ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಸಹಿ ನಿಮ್ದು. ಬರೆದು ಕೊಟ್ರೆ ಮೊದಲು ಸಿಕ್ಕಿಹಾಕ್ಕೊಳೋದು ನೀವೇ.'

ಅದು ಕನಿಕರವೋ ಬೆದರಿಕೆಯೋ ಎಂದು ಅವಳಿಗೆ ತಿಳಿಯಲಿಲ್ಲ. ಹೊರಗೆ ಬರುವಾಗ ಬಾಗಿಲ ಬಳಿ ಯಶಶ್ರೀ ಕಡತ ಹಿಡಿದು ನಿಂತಿದ್ದಳು. ಕೇಳಿಸಿಕೊಂಡಳೇ? ಇವಳನ್ನು ನೋಡಿ ಅರೆಕ್ಷಣ ನಕ್ಕಳು, ಆ ನಗು ಪೂರ್ತಿಯಾಗುವ ಮೊದಲೇ ನಿಂತುಹೋಯಿತು. ಅಂದು ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಎದುರುಬದುರು ಕೂತು ಉಂಡರು. ಉಪ್ಪಿನಕಾಯಿ ಬೇಡವೆಂದು ಹಂಸಾ ಕೈ ಅಡ್ಡ ಹಿಡಿದಳು, ಯಾಕೋ ಹೊಟ್ಟೆ ಸರಿಯಿಲ್ಲ ಎಂದಳು.

ಸಂಜೆ ಮನೆಗೆ ಹೋಗುವ ದಾರಿ ಅವಳಿಗೆ ಉದ್ದವಾಯಿತು. ಹಣ್ಣಿನ ಗಾಡಿಯವನು ಎಂದಿನಂತೆ 'ಏನಮ್ಮಾ' ಎಂದದ್ದರಲ್ಲೂ ಏನೋ ಗೊತ್ತಿರುವಂತಿತ್ತು. ಹುಟ್ಟದವರನ್ನು ಹುಟ್ಟಿಸಿದ್ದರಿಂದ ಯಾರಿಗೇನು ಸಿಗುತ್ತದೆ ಎಂದು ಯೋಚಿಸುತ್ತ ನಡೆದಳು: ಆ ಕಾಗದ ಹಿಡಿದು ಆಧಾರ್, ಆಧಾರ್ ಹಿಡಿದು ಪಾಸ್‌ಪೋರ್ಟು, ಯಾರು ಯಾರೋ ಯಾರು ಯಾರೋ ಆಗಿ ದೇಶ ದಾಟುತ್ತಾರೆ, ನಾಳೆ ಅವರಲ್ಲೊಬ್ಬ ಎಲ್ಲೋ ಏನೋ ಮಾಡಿ ಸಿಕ್ಕಿಬಿದ್ದರೆ ಅವನ ಬುಡಕ್ಕೆ ಹೋದವರು ಬಂದು ಮುಟ್ಟುವುದು ತನ್ನ 'ಹ' ಅಕ್ಷರವನ್ನು. ಗಂಡ ಶಶಿಕಿರಣ್ ನಗರ್ತಪೇಟೆಯ ಪಾತ್ರೆ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವಳ ಮನಸ್ಸು ಇನ್ನೊಂದು ಮೂಲೆ ಹೊಕ್ಕಿತ್ತು. ಅವನಿಗೂ ಪಾಸ್‌ವರ್ಡ್ ಗೊತ್ತಿರಲಾರದೆ? ಮನೆಯ ಕರೆಂಟು ಬಿಲ್ಲಿಗೂ ಗ್ಯಾಸಿಗೂ ಕಚೇರಿಗೂ ಅವಳದು ಒಂದೇ ಪಾಸ್‌ವರ್ಡ್, ಸತ್ತುಹೋದ ನಾಯಿಯ ಹೆಸರು, ಮುಂದೆ ಅದು ಮನೆಗೆ ಬಂದ ವರ್ಷ. ಹೋದ ವರ್ಷ ಯಾರೋ ಗಿರಾಕಿಯ ಮೊಮ್ಮಗನ ಪ್ರಮಾಣಪತ್ರ ಬೇಗ ಮಾಡಿಕೊಡು ಎಂದು ಕಾಡಿದ್ದನಲ್ಲ? ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದ ಅವನ ಬೆನ್ನನ್ನು ನೋಡುತ್ತ, ಇಪ್ಪತ್ತು ವರ್ಷ ಮಗ್ಗುಲಲ್ಲಿ ಮಲಗಿದ ಈ ಬೆನ್ನು ಯಾರದು ಎಂಬಂತೆ ನಿಂತಿದ್ದಳು. ಊಟಕ್ಕೆ ಬಡಿಸಿ ಎಲ್ಲವನ್ನೂ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ್ದು ಒಂದೇ ಮಾತು, ಇದ್ಯಾವುದನ್ನೂ ನೀನು ಮಾಡಿಲ್ಲ ತಾನೇ ಎಂದು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಒಂದು ಕ್ಷಣ ಅವನ ಕಣ್ಣು ಅವಳ ಬಳೆಗಳ ಮೇಲೆ, ಗೋಡೆಯ ಹೊಸ ಟೀವಿಯ ಮೇಲೆ ಆಡಿತು. ತನ್ನ ಕಣ್ಣು ಬೆಳಗ್ಗೆಯಿಂದ ಯಶಶ್ರೀಯ ಮೇಲೆ ಹೀಗೆಯೇ ಆಡುತ್ತಿದ್ದಿರಬೇಕು ಎಂದು ಅವಳಿಗೆ ಹೊಳೆಯಿತು. ಹೊಳೆದರೂ ನಿಲ್ಲಲಿಲ್ಲ.

ಎರಡು ದಿನ ಕಾದಳು. ನಾಗಭೂಷಣ್ ಮೇಲಿನವರ ಜೊತೆ ಮಾತಾಡಿದ ಸುಳಿವೇ ಇರಲಿಲ್ಲ. ಕೇಳಿದರೆ, ನಡೀತಾ ಇದೆ ಎಂದರು. ವರದಿ ಕೊಡಲೇಬೇಕೆಂದು ಅವಳು ನಿರ್ಧರಿಸಿದ್ದು ಧೈರ್ಯದಿಂದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬೇರೆ ಯಾರಾದರೂ ಮೊದಲು ಬರೆದರೆ? ಸಾಹೇಬರೇ ತಮ್ಮನ್ನು ಉಳಿಸಿಕೊಳ್ಳಲು, ನಮ್ಮ ನೋಂದಣಿ ಅಧಿಕಾರಿಯ ಮೇಲೆ ಗುಮಾನಿ ಇದೆ ಎಂದು ಒಂದು ಸಾಲು ಹಾಕಿದರೆ? ಶನಿವಾರ ಎಲ್ಲರೂ ಹೋದ ಮೇಲೆ ಕೂತು ಬರೆದಳು. ಶಾಲೆಯ ಫೋನು, ಮುಚ್ಚಿದ ಹೆರಿಗೆ ಮನೆ, ರಜೆಯ ದಿನದ ಒಪ್ಪಿಗೆಗಳು. ವಾಕ್ಯಗಳು ಒಂದರ ಹಿಂದೊಂದು ಬಂದವು. ತನ್ನ ಭಾಷೆ ಇಷ್ಟು ಶುದ್ಧವಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಗೆ ಪಾಸ್‌ವರ್ಡಿನ ಮಾತಿಗೆ ಬಂದಾಗ ಕೈ ನಿಂತಿತು. ಮುಚ್ಚಿಟ್ಟರೆ ಸುಳ್ಳಾಗುತ್ತದೆ, ವಿಚಾರಣೆಯಲ್ಲಿ ಹೊರಬಿದ್ದರೆ ಇನ್ನೂ ಕೆಡುತ್ತದೆ. 'ಸದರಿ ಪಾಸ್‌ವರ್ಡ್ ನನ್ನನ್ನು ಹೊರತುಪಡಿಸಿ ಗುತ್ತಿಗೆ ಆಪರೇಟರ್ ಕುಮಾರಿ ಯಶಶ್ರೀ ಅವರಿಗೆ ಮಾತ್ರ ತಿಳಿದಿರುತ್ತದೆ' ಎಂದು ಬರೆದಳು. ಓದಿ ನೋಡಿದಳು. ಅದರಲ್ಲಿ ಆರೋಪವಿರಲಿಲ್ಲ, ಇದ್ದದ್ದು ನಿಜ. 'ನಾನೇ ತಿಳಿಸಿರುತ್ತೇನೆ' ಎಂಬುದೂ ನಿಜವೇ, ಅದು ಇನ್ನೊಂದು ವಾಕ್ಯವಾಗಬೇಕಿತ್ತು. ಅದನ್ನು ಬರೆದಳು, ಅಳಿಸಿದಳು, ಕೇಳಿದರೆ ಹೇಳಿದರಾಯಿತು ಎಂದುಕೊಂಡಳು. 'ಮಾತ್ರ' ಎಂಬ ಪದದ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಗಂಡನ ನೆನಪಾಯಿತು, ನಾಯಿಯ ನೆನಪಾಯಿತು. ಅದನ್ನು ಹಾಗೆಯೇ ಬಿಟ್ಟಳು. ವಲಯ ಕಚೇರಿಗೂ ಸೈಬರ್ ಪೊಲೀಸರಿಗೂ ಕಳಿಸಿ ಕೆಳಗಿಳಿದು ಬಂದಾಗ ಹೊಟ್ಟೆ ಹಸಿದಿತ್ತು, ಇಷ್ಟು ದಿನದ ಮೇಲೆ ನಿಜವಾಗಿ ಹಸಿದಿತ್ತು. ವಿಶ್ವೇಶ್ವರಪುರಂ ತಿಂಡಿ ಬೀದಿಯಲ್ಲಿ ಒಬ್ಬಳೇ ನಿಂತು ಬೆಣ್ಣೆ ಜಾರುತ್ತಿದ್ದ ದೋಸೆ ತಿಂದಳು. ಬಾಯಿ ಸುಟ್ಟಿತು, ಅಷ್ಟು ಆತುರ.

ಆಮೇಲಿನದು ಅವಳ ಕೈಯಲ್ಲಿರಲಿಲ್ಲ. ಇನ್ಸ್‌ಪೆಕ್ಟರ್ ಕೇದಾರ್ ಎಂಬ ಸಣಕಲು ಮನುಷ್ಯ, ಬ್ಯಾಂಕಿನ ಮ್ಯಾನೇಜರನ ಹಾಗೆ ನಯವಾಗಿ ಮಾತಾಡುವವನು, ಇಬ್ಬರು ಸಿಬ್ಬಂದಿಯನ್ನು ಕರೆದುಕೊಂಡು ಬಂದು ಕಂಪ್ಯೂಟರುಗಳನ್ನು ನೋಡಿದ. ಹಂಸಾಳನ್ನು ಕೂರಿಸಿ ಮಾತಾಡಿಸಿದ. ಪಾಸ್‌ವರ್ಡ್ ಆಪರೇಟರಿಗೆ ಹೇಗೆ ತಿಳಿಯಿತು ಎಂದು ಕೇಳುತ್ತಾನೆಂದು ಅವಳು ಉತ್ತರ ಸಿದ್ಧಮಾಡಿಕೊಂಡಿದ್ದಳು. ಅವನು ಕೇಳಲಿಲ್ಲ. ಎಲ್ಲ ಕಡೆಯೂ ಹೀಗೇ ಮೇಡಂ ಎಂದು ತಾನೇ ಹೇಳಿಕೊಂಡ. ಯಶಶ್ರೀಯ ಹೊಸ ಫೋನನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲು ಮಾಡಿದರು. ಮಾರನೆಯ ದಿನ ಠಾಣೆಗೆ ಬರಬೇಕೆಂದು ಹೇಳುವಾಗ ಅವಳು ನಿಂತೇ ಇದ್ದಳು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತ. ಹಂಸಾಳ ಕಡೆ ನೋಡಲಿಲ್ಲ. ತಪ್ಪು ಮಾಡಿದವಳಾದ್ದರಿಂದ ನೋಡಲಿಲ್ಲವೋ, ತಪ್ಪು ಮಾಡಿಲ್ಲವಾದ್ದರಿಂದ ನೋಡಲಿಲ್ಲವೋ ಎಂದು ಹಂಸಾ ಮನೆಗೆ ಹೋಗುವವರೆಗೂ ತೂಗಿ ನೋಡಿದಳು. ಏಜೆನ್ಸಿಯವರು ಆ ವಾರವೇ ಬೇರೊಬ್ಬಳನ್ನು ಕಳಿಸಿದರು. ಹೊಸಬಳು ಊಟಕ್ಕೆ ಹೊರಗೆ ಹೋಗುತ್ತಿದ್ದಳು. ನಾಗಭೂಷಣ್ ಹಂಸಾಳ ಜೊತೆ ಬಹುವಚನದಲ್ಲೇ, ಆದರೆ ಕಡತಗಳ ಮೂಲಕ ಮಾತ್ರ ಮಾತಾಡತೊಡಗಿದರು. ಕಚೇರಿಯ ಉಳಿದವರು ಅವಳು ಬಂದೊಡನೆ ಮಾತು ನಿಲ್ಲಿಸುತ್ತಿದ್ದರು. ನಿಂತ ಮಾತಿನಲ್ಲಿ ತನ್ನ ಹೆಸರಿತ್ತೋ ಆ ಹುಡುಗಿಯ ಹೆಸರಿತ್ತೋ ತಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೇದಾರ್ ಕರೆಸಿದ. ಹೊರರಾಜ್ಯದಲ್ಲಿ ಕೆಲವರು ಸಿಕ್ಕಿದ್ದರು; ನಾಲ್ಕಾರು ಊರುಗಳ ಕಚೇರಿಗಳ ಪಾಸ್‌ವರ್ಡುಗಳು ಅವರಲ್ಲಿದ್ದವು. ಇಲಾಖೆಯ ಲಾಂಛನ ಹಾಕಿ, ಸಂಜೆಯೊಳಗೆ ಪಾಸ್‌ವರ್ಡ್ ಖಚಿತಪಡಿಸದಿದ್ದರೆ ನಿಮ್ಮ ಲಾಗಿನ್ ಬಂದ್ ಆಗುತ್ತದೆ ಎಂದು ಅಧಿಕಾರಿಗಳ ಫೋನಿಗೆ ಮೆಸೇಜು ಕಳಿಸಿದ್ದರಂತೆ. ಅದರಲ್ಲಿದ್ದ ಲಿಂಕ್ ಒತ್ತಿದರೆ ಇಲಾಖೆಯದರಂತೆಯೇ ಕಾಣುವ ಪುಟ. ಅದರಲ್ಲಿ ಟೈಪು ಮಾಡಿದ್ದೆಲ್ಲ ಅವರ ಕೈಗೆ. ತನ್ನ ಫೋನನ್ನು ಅವನ ಮುಂದಿಟ್ಟು ಹಂಸಾ ತಾನೇ ಹುಡುಕಿದಳು. ಸಿಕ್ಕಿತು. ಸಿಕ್ಕೊಡನೆ ಆ ಮಧ್ಯಾಹ್ನ ಪೂರ್ತಿಯಾಗಿ ಎದ್ದು ಬಂತು: ಬಲಗೈಯಲ್ಲಿ ಚಿತ್ರಾನ್ನದ ಜಿಡ್ಡು, ಎಡಗೈ ಹೆಬ್ಬೆರಳಿನಿಂದ ನಾಯಿಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದ್ದು, ಸಂಜೆಯೊಳಗೆ ಬಂದ್ ಆದೀತೆಂಬ ಧಾವಂತ.

'ಬೇಜಾರು ಮಾಡ್ಕೋಬೇಡಿ,' ಎಂದ ಕೇದಾರ್. 'ದೊಡ್ಡ ದೊಡ್ಡವ್ರೇ ಹಾಕಿದಾರೆ. ನಿಮ್ಮ ಮೇಲೇನೂ ಆಗಲ್ಲ. ಆ ಹುಡುಗಿ ಹಿಂದೆ ಬಿದ್ದು ನಮಗೇ ಸ್ವಲ್ಪ ದಿನ ಹಾಳಾಯ್ತು, ಅಷ್ಟೆ.'

ಅಷ್ಟೆ. ವಲಯ ಕಚೇರಿಯಿಂದ ಅವಳಿಗೆ ಎಚ್ಚರಿಕೆಯ ಒಂದು ಪತ್ರವೂ ಬರಲಿಲ್ಲ. ಮೊದಲು ವರದಿ ಮಾಡಿದವರೆಂದು ಒಂದು ಸಭೆಯಲ್ಲಿ ಹೆಸರು ಹೇಳಿದರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಯಶಶ್ರೀಯನ್ನು ಮತ್ತೆ ಕರೆಸಿಕೊಳ್ಳೋಣವೆಂದು ಅವಳು ನಾಗಭೂಷಣರನ್ನು ಕೇಳಿದಳು. ಅದು ಏಜೆನ್ಸಿಗೆ ಬಿಟ್ಟದ್ದು ಎಂದರು ಅವರು. ಏಜೆನ್ಸಿಯವರು, ಪೊಲೀಸ್ ಠಾಣೆ ಹತ್ತಿದವರನ್ನು ಸರ್ಕಾರಿ ಕಚೇರಿಗೆ ಕಳಿಸೋಕಾಗಲ್ಲ ಮೇಡಂ, ನಿಮಗೇ ಗೊತ್ತಲ್ಲ ಎಂದರು.

ವಿಳಾಸ ಹುಡುಕಿಕೊಂಡು ಅವಳು ಹೋದದ್ದು ಒಂದು ಭಾನುವಾರ. ಮಾಮೂಲ್‌ಪೇಟೆಯ ಒಂದು ಸಂದಿ, ಕೆಳಗೆ ಹಗ್ಗದ ಮಳಿಗೆ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಹತ್ತುವಾಗ, ಬೈದರೆ ಬೈಸಿಕೊಳ್ಳುವುದು, ಅತ್ತರೆ ಕೈ ಹಿಡಿದುಕೊಳ್ಳುವುದು ಎಂದು ಸಿದ್ಧವಾಗಿದ್ದಳು. ಬಾಗಿಲು ತೆರೆದವರು ಯಶಶ್ರೀಯ ತಾಯಿ ಬಸವಮ್ಮ. ಹೆಸರು ಹೇಳಿದ ಕೂಡಲೇ ಅವರ ಮುಖ ಅರಳಿತು. ಮಗಳು ನಿಮ್ಮ ಬಗ್ಗೆ ಎಷ್ಟು ಹೇಳುತ್ತಿದ್ದಳು, ಊಟದ ಡಬ್ಬಿಗೆ ನಿಮಗೆಂದೇ ಉಪ್ಪಿನಕಾಯಿ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದಳು ಎಂದು ಚಾಪೆ ಹಾಸಿ ಕೂರಿಸಿ, ಕಾಫಿಗೆ ನೀರಿಟ್ಟರು. ಒಳಗಿನಿಂದಲೇ ಹೇಳಿದರು, ಯಾವನೋ ಪಾಪಿ ಇವಳ ಹೆಸರು ಬರೆದುಕೊಟ್ಟನಂತೆ, ನಿಮ್ಮಂಥವರು ಇದ್ದೂ ಹೀಗಾಯಿತಲ್ಲ, ಮಲ್ಲೇಶ್ವರದ ಕಾಲೇಜಿನ ಆಫೀಸಿನಲ್ಲಿ ಒಳ್ಳೆಯ ಕೆಲಸ ಹೆಚ್ಚುಕಡಿಮೆ ಆಗಿಹೋಗಿತ್ತು, ವಾರ ವಾರವೂ ಇಂಟರ್‌ವ್ಯೂ ಎಂದು ಓಡಾಡಿದ್ದಳು, ನಿಮ್ಮನ್ನು ಬಿಟ್ಟು ಹೋಗ್ತೀನಿ ಅಂತ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದಳು, ಪೊಲೀಸು ವಿಚಾರಣೆ ಎಂದು ತಿಳಿದ ಮೇಲೆ ಅವರೂ ಬೇಡ ಅಂದುಬಿಟ್ಟರು ಎಂದು. ಹಂಸಾ ಬಾಗಿಲ ಕಡೆ ನೋಡಿದಳು. ಯಶಶ್ರೀ ಅಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಬರೆದುಕೊಟ್ಟವರು ಯಾರೆಂದು ಅವಳು ತಾಯಿಗೆ ಹೇಳಿರಲಿಲ್ಲ. ಕಾಫಿ ಬಿಸಿಯಾಗಿ, ಸಿಹಿಯಾಗಿ, ಎಷ್ಟು ಚೆನ್ನಾಗಿತ್ತೆಂದರೆ ಹಂಸಾಗೆ ಅದನ್ನು ಪೂರ್ತಿ ಕುಡಿಯದೆ ಇರಲು ಆಗಲಿಲ್ಲ.

ಕೆಳಗೆ ಬಿಟ್ಟು ಬರುತ್ತೇನೆಂದು ಯಶಶ್ರೀಯೂ ಮೆಟ್ಟಿಲಿಳಿದಳು. ಹಗ್ಗದ ಮಳಿಗೆಯ ಮುಚ್ಚಿದ ಶಟರಿನ ಮುಂದೆ ಇಬ್ಬರೂ ನಿಂತರು. ಕಾಲೇಜಿನವರಿಗೆ ತಾನೇ ಪತ್ರ ಬರೆದು ಎಲ್ಲವನ್ನೂ ವಿವರಿಸುತ್ತೇನೆ, ಬೇಕಾದರೆ ಹೋಗಿ ಮಾತಾಡುತ್ತೇನೆ ಎಂದು ಹಂಸಾ ಹೇಳಿದಳು. ಹೇಳುತ್ತಿರುವಾಗಲೇ ದನಿ ವರದಿಯ ದನಿಯಂತಾಗಿತ್ತು.

'ಬೇಡ ಮೇಡಂ,' ಎಂದಳು ಯಶಶ್ರೀ. 'ನೀವು ಇನ್ನೇನೂ ಬರೀಬೇಡಿ.'

ದನಿಯಲ್ಲಿ ಸಿಟ್ಟಿರಲಿಲ್ಲ. ಮೆಟ್ಟಿಲ ಕಡೆ ಹೊರಟವಳು ನಿಂತು ಮತ್ತೆ ಮಾತಾಡಿದಳು.

'ಸ್ಟೇಷನ್ನಲ್ಲಿ ನನ್ನೂ ಕೇಳಿದ್ರು. ನಿಂಗೆ ಯಾರ ಮೇಲೆ ಡೌಟು ಅಂತ.'

'ಏನಂದೆ?'

'ಯಾರ ಮೇಲೂ ಇಲ್ಲ ಅಂದೆ.' ಶಟರಿನ ಕಡೆ ನೋಡುತ್ತ ಹೇಳಿದಳು. 'ಇತ್ತು. ನಿಮ್ಮ ಮೇಲೇ ಇತ್ತು. ಒಂದಿನ ಊಟ ಮಾಡ್ತಾ ಫೋನಲ್ಲಿ ಪಾಸ್‌ವರ್ಡ್ ಹಾಕ್ತಿದ್ರಲ್ಲ, ನಾನು ಎದುರಿಗೇ ಇದ್ದೆ. ಯಾರಿಗೋ ಕೊಡ್ತಿದೀರಾ ಅಂದ್ಕೊಂಡೆ. ಆಮೇಲೆ ಸ್ಟೇಷನ್ನಲ್ಲಿ ಗಿರಿಜಾಂಬ ಅಂದಾಗ, ಅದನ್ನೇ ನೀವು ನನ್ನ ಕೇಳಿದ್ದು ನೆನಪಾಯ್ತು, ನನ್ನ ಸಿಗಿಸೋಕೇ ಕೇಳಿದ್ರೇನೋ ಅನ್ನಿಸ್ತು.'

'ಮತ್ತೆ ಯಾಕೆ ಹೇಳ್ಲಿಲ್ಲ?'

ಯಶಶ್ರೀ ಭುಜ ಅಲುಗಿಸಿದಳು. 'ಗೊತ್ತಿರ್ಲಿಲ್ವಲ್ಲ ಮೇಡಂ. ಬರೀ ಅನುಮಾನ ಇತ್ತು.' ಅಮ್ಮ ಕಾಯ್ತಿರ್ತಾರೆ ಎಂದು ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಮುಚ್ಚಿದ ಸದ್ದು ಮೆಲ್ಲಗೆ ಕೇಳಿತು.

ಹಂಸಾ ನಡೆದಳು. ಭಾನುವಾರವಾದರೂ ಸಂದಿಯ ತುದಿಯಲ್ಲಿ ಗಾಡಿಗಳಿದ್ದವು, ಮೂಟೆಗಳಿದ್ದವು, ಪ್ಲಾಸ್ಟಿಕ್ ಹೂವಿನ ರಾಶಿಯಿತ್ತು. ಕಣ್ಣು ಒಣಗಿಯೇ ಇತ್ತು. ಅಳು ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು, ಬಾರದೆ ಎದೆಯೊಳಗೆ ಕಲ್ಲಿನಂತೆ ಕೂತಿತ್ತು. ಹಾಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಯೋಚನೆ ಎಲ್ಲಿಂದಲೋ ಬಂತು. ಹೇಳದೆ ಇರುತ್ತಾಳೆಯೇ? ಅಪರಿಚಿತ ಠಾಣೆ, ಎದುರಿಗೆ ನಾಲ್ಕು ಗಂಡಸರು, ಹೊರಗೆ ಬೆಂಚಿನ ಮೇಲೆ ತಾಯಿ. ಒಬ್ಬಳೇ ಹುಡುಗಿ. ಅನುಮಾನವಿತ್ತೆಂದು ತಾನೇ ಒಪ್ಪಿಕೊಂಡಳಲ್ಲ. ಬಾಯಿಗೆ ಬಂದ ಹೆಸರನ್ನು ನುಂಗಿಕೊಳ್ಳುವಷ್ಟು ದೊಡ್ಡವರು ಯಾರಿದ್ದಾರೆ ಈ ಪ್ರಪಂಚದಲ್ಲಿ? ಹೇಳಿರುತ್ತಾಳೆ. ಹೇಳಿಯೇ ಇರುತ್ತಾಳೆ. ಈಗ ದೊಡ್ಡತನ ತೋರಿಸಲು ಇಲ್ಲವೆನ್ನುತ್ತಿದ್ದಾಳೆ. ಯೋಚನೆ ಬಂದದ್ದೇ ತಡ, ಎದೆಯ ಕಲ್ಲು ಒಂದಿಷ್ಟು ಸರಿದು ಉಸಿರು ಸಲೀಸಾಯಿತು. ಕಾಲಿಗೂ ಚುರುಕು ಬಂತು. ಆ ಚುರುಕು ಗಮನಕ್ಕೆ ಬಂದೊಡನೆ ಅವಳು ಬೀದಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ತಲೆಹೊರೆಯವನೊಬ್ಬ ದಾರಿ ಬಿಡಮ್ಮಾ ಎಂದ, ಮತ್ತೊಮ್ಮೆ ಎಂದ. ಅವಳಿಗೆ ಸರಿಯಲಾಗಲಿಲ್ಲ. ಹೇಳಿರಲಿ, ನನ್ನ ಹೆಸರನ್ನು ಹೇಳಿರಲಿ ಎಂದು ಅವಳ ತುಟಿ ತಾನಾಗಿಯೇ ಬೇಡಿಕೊಳ್ಳುತ್ತಿತ್ತು.